ನೆಲದಡಿಯ ಪಡಸಾಲೆ

ನಿಮ್ಮೂರಿನ ರೈಲು ನಿಲ್ದಾಣ ಹೇಗಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಕೆಂಪು ಹಂಚಿನ ಮಾಡು, ಕಲ್ಲಿನ ಗೋಡೆ, ಮುಂದೊಂದು ಬೇವಿನ ಮರ, ಮೂರು ಭಾಷೆಗಳಲ್ಲಿ ಊರಿನ ಹೆಸರು ಬರೆದ ಹಳದಿ ಫಲಕ. ಹೀಗೆ ಏನಾದರೊಂದು ಕಣ್ಣ ಮುಂದೆ ಬರುತ್ತದೆ. ನಾನು ಹೇಳಹೊರಟಿರುವ ನಿಲ್ದಾಣಕ್ಕೆ ಇವು ಯಾವುವೂ ಇಲ್ಲ. ನೆಲದ ಮೇಲೆ ಅದಕ್ಕೆ ಕಟ್ಟಡವೇ ಇಲ್ಲ!

ಲಂಡನ್ ನಗರದ ಪೂರ್ವಕ್ಕೆ ಇಲ್ಫರ್ಡ್ ಎಂಬ ಬಡಾವಣೆಯಿದೆ. ನನ್ನ ಮಗಳು, ಅಳಿಯ ಅಲ್ಲಿದ್ದಾರೆ. ಕಳೆದ ಬೇಸಿಗೆಯಲ್ಲಿ ನಾನು ಮತ್ತು ನನ್ನಾಕೆ ಮೂರು ತಿಂಗಳು ಅಲ್ಲಿಗೆ ಹೋಗಿದ್ದೆವು. ಹೋದ ಮರುದಿನವೇ ಒಂಬತ್ತು ವರ್ಷದ ಮೊಮ್ಮಗಳು ನನ್ನ ಕೈಹಿಡಿದು, ‘ಬಾ ಅಜ್ಜಾ, ನಮ್ಮ ಸ್ಟೇಷನ್ ತೋರಿಸ್ತೀನಿ’ ಎಂದು ಕರೆದೊಯ್ದಳು. ಹತ್ತು ನಿಮಿಷ ನಡೆದ ಮೇಲೆ ಒಂದು ದೊಡ್ಡ ವೃತ್ತ ಬಂತು. ನಾಲ್ಕೂ ಕಡೆಯಿಂದ ಕಾರು, ಲಾರಿಗಳು ಬಂದು ಸುತ್ತು ಹಾಕಿ ಹೋಗುತ್ತಿದ್ದವು. ನಾನು ಅತ್ತ ಇತ್ತ ನೋಡಿದೆ. ಅಂಗಡಿಗಳಿದ್ದವು, ಬಸ್ಸುಗಳಿದ್ದವು. ನಿಲ್ದಾಣ ಮಾತ್ರ ಕಾಣಲಿಲ್ಲ.

‘ಎಲ್ಲೈತವ್ವಾ ಸ್ಟೇಷನ್ನು?’ ಎಂದೆ.

ಅವಳು ಕಾಲಿನಿಂದ ನೆಲವನ್ನು ಎರಡು ಸಲ ತಟ್ಟಿ, ‘ಇಲ್ಲಿ ಕೆಳಗ!’ ಎಂದಳು.

ಪಾದಚಾರಿ ದಾರಿಯ ಪಕ್ಕದಲ್ಲಿ ಕೆಳಕ್ಕೆ ಇಳಿಯುವ ಮೆಟ್ಟಿಲುಗಳಿದ್ದವು. ಅದರ ಹತ್ತಿರ ಕೆಂಪು ಬಳೆಯ ನಡುವೆ ನೀಲಿ ಪಟ್ಟಿಯ ಗುರುತು. ಗ್ಯಾಂಟ್ಸ್ ಹಿಲ್ ನಿಲ್ದಾಣ ಮೇಲಿನವರಿಗೆ ತೋರಿಸುವ ಮುಖ ಅಷ್ಟೇ.

ಹಗೇವಿನ ಭಯ

ಮೆಟ್ಟಿಲ ಹತ್ತಿರ ನನ್ನ ಕಾಲು ನಿಂತುಬಿಟ್ಟವು. ಅದಕ್ಕೆ ಕಾರಣ ಲಂಡನ್ನಿನಲ್ಲಿಲ್ಲ, ಗದಗ ಜಿಲ್ಲೆಯ ನಮ್ಮ ಹಳ್ಳಿಯಲ್ಲಿದೆ.

ನಮ್ಮ ಕಡೆ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಆದರೆ ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಒಳಗಿನ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದಿಟ್ಟು, ಕಂದೀಲು ಕಟ್ಟಿ ಇಳಿಬಿಟ್ಟು ನೋಡಬೇಕು. ದೀಪ ನಂದಿದರೆ ಮನುಷ್ಯನಿಗೂ ಉಸಿರಿಲ್ಲ. ನಾನು ಆರೇಳು ವರ್ಷದವನಿದ್ದಾಗ ಅವಸರದಲ್ಲಿ ಇಳಿದ ಆಳೊಬ್ಬನನ್ನು ಹಗ್ಗ ಹಾಕಿ ಮೇಲೆತ್ತಿದ್ದನ್ನು ಕಣ್ಣಾರೆ ಕಂಡಿದ್ದೆ. ಅವನು ಬದುಕಿಕೊಂಡ. ನನ್ನ ಭಯವೂ ಬದುಕಿಕೊಂಡಿತು! ಮೂವತ್ತೇಳು ವರ್ಷದ ಬ್ಯಾಂಕ್ ನೌಕರಿಯಲ್ಲಿ ನೆಲಮಾಳಿಗೆಯ ದಾಖಲೆ ಕೋಣೆಗೆ ಹೋಗುವ ಸರದಿ ಬಂದಾಗಲೆಲ್ಲ ಏನಾದರೂ ನೆಪ ಹೇಳಿ ತಪ್ಪಿಸಿಕೊಂಡವನು ನಾನು.

ಈಗ ಕೈಹಿಡಿದು ಎಳೆಯುತ್ತಿರುವವಳು ಮೊಮ್ಮಗಳು. ನೆಪ ನಡೆಯುವ ಹಾಗಿರಲಿಲ್ಲ. ಇಳಿದೆ.

ಕೆಳಗೆ ಕಂಡದ್ದು

ಮೆಟ್ಟಿಲು ಇಳಿದರೆ ಕಾಲುದಾರಿಯ ಸುರಂಗ. ವೃತ್ತದ ಬೇರೆ ಬೇರೆ ದಿಕ್ಕಿನಿಂದ ಬರುವ ಇಂಥ ದಾರಿಗಳೆಲ್ಲ ವೃತ್ತದ ಕೆಳಗಿರುವ ಟಿಕೆಟ್ ಅಂಗಳದಲ್ಲಿ ಕೂಡುತ್ತವೆ. ಜನ ರಸ್ತೆ ದಾಟಬೇಕಾಗಿಲ್ಲ. ಮೇಲೆ ವಾಹನ ಓಡುತ್ತಿರುತ್ತವೆ, ಕೆಳಗೆ ನಾವು ನಡೆಯುತ್ತಿರುತ್ತೇವೆ. ಅಲ್ಲಿಂದ ಚಲಿಸುವ ಮೆಟ್ಟಿಲು, ಅಂದರೆ ಎಸ್ಕಲೇಟರ್, ಇನ್ನೂ ಆಳಕ್ಕೆ ಒಯ್ಯುತ್ತದೆ.

ಎಸ್ಕಲೇಟರಿನ ಕೊನೆಗೆ ಕತ್ತಲೆಯ ಕೊಳವೆಯೊಂದು ಬಾಯಿ ತೆರೆದು ನಿಂತಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಕಾಲಿಟ್ಟದ್ದು ಉದ್ದನೆಯ, ಅಗಲವಾದ, ಎತ್ತರದ ಒಂದು ಹಾಲಿಗೆ. ಮೇಲೆ ಚಪ್ಪಟೆ ಚಾವಣಿಯಿಲ್ಲ. ಉದ್ದಕ್ಕೆ ಸೀಳಿದ ಪೀಪಾಯಿಯನ್ನು ಬೋರಲು ಹಾಕಿದಂತೆ ಅರ್ಧ ದುಂಡಗಿನ ಕಮಾನು. ಬಿಜಾಪುರ ನೋಡಿದವರಿಗೆ ಕಮಾನು ಹೊಸತಲ್ಲ, ಆದರೆ ಇದು ನೆಲದಡಿಯ ಕಮಾನು. ಎರಡೂ ಬದಿಗೆ ನುಣುಪಾದ ತಿಳಿಬಣ್ಣದ ಟೈಲ್ಸ್ ಹೊದಿಸಿದ ದಪ್ಪ ಕಂಬಗಳ ಸಾಲು. ಕಂಬಗಳ ನಡುವೆ ದಾರಿಗಳು. ಎಡಗಡೆಯ ದಾರಿಗಳಲ್ಲಿ ಹೋದರೆ ಒಂದು ಪ್ಲಾಟ್‌ಫಾರ್ಮ್, ಬಲಗಡೆಯ ದಾರಿಗಳಲ್ಲಿ ಹೋದರೆ ಇನ್ನೊಂದು. ಒಂದರಲ್ಲಿ ಲಂಡನ್ ನಡುಪೇಟೆಗೆ ಹೋಗುವ ರೈಲು, ಇನ್ನೊಂದರಲ್ಲಿ ಅಲ್ಲಿಂದ ಬರುವ ರೈಲು. ಹಾಲ್ ಎರಡಕ್ಕೂ ನಡುವೆ.

ದೀಪದ ವ್ಯವಸ್ಥೆ ನೋಡಿ ನನಗೆ ಆಶ್ಚರ್ಯವಾಯಿತು. ಬೆಳಕನ್ನು ನೇರವಾಗಿ ನಮ್ಮ ಕಣ್ಣಿಗೆ ಬಿಡದೆ ಮೇಲಕ್ಕೆ, ಕಮಾನಿಗೆ ಬಿಟ್ಟಿದ್ದಾರೆ. ಅದು ಬಿಳಿಯ ಕಮಾನಿಗೆ ತಾಗಿ ಹರಡಿ ಕೆಳಗಿಳಿಯುತ್ತದೆ. ಹಾಗಾಗಿ ತಲೆಯ ಮೇಲೆ ಮಣ್ಣಿದೆ, ಮಣ್ಣಿನ ಮೇಲೆ ಲಾರಿಗಳಿವೆ ಎಂಬುದು ನೆನಪಿಗೇ ಬರುವುದಿಲ್ಲ. ಮೋಡ ಮುಸುಕಿದ ಬೆಳಗಿನಲ್ಲಿ ಬಯಲಲ್ಲಿ ನಿಂತಂತೆ ಅನಿಸುತ್ತದೆ.

ಹಗೇವಿನ ಹುಡುಗ ಇನ್ನೂ ಗಾಳಿಯನ್ನೇ ಪರೀಕ್ಷಿಸುತ್ತಿದ್ದ! ಅಷ್ಟರಲ್ಲಿ ಕಂಬಗಳ ನಡುವಿನಿಂದ ಜೋರಾಗಿ ಗಾಳಿ ಬೀಸಿತು. ಮೊಮ್ಮಗಳ ಕೂದಲು ಹಾರಿತು. ‘ರೈಲು ಬಂತು’ ಎಂದಳು. ರೈಲು ಇನ್ನೂ ಕಂಡಿರಲಿಲ್ಲ. ಇದರ ಗುಟ್ಟು ಸರಳ. ಸುಮಾರು 12 ಅಡಿ ಅಗಲದ ದುಂಡು ಸುರಂಗದಲ್ಲಿ ರೈಲು ಹೆಚ್ಚುಕಡಿಮೆ ಸುರಂಗದಷ್ಟೇ ಗಾತ್ರಕ್ಕಿರುತ್ತದೆ. ಸೈಕಲ್ ಪಂಪಿನಲ್ಲಿ ಹಿಡಿಕೆ ಒತ್ತಿದಾಗ ಗಾಳಿ ಮುಂದಕ್ಕೆ ನುಗ್ಗುವ ಹಾಗೆ ರೈಲು ತನ್ನ ಮುಂದಿನ ಗಾಳಿಯನ್ನು ನಿಲ್ದಾಣಕ್ಕೆ ದಬ್ಬುತ್ತದೆ. ಹಿಂದಿನಿಂದ ಬೇರೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ಹಗೇವಿನಲ್ಲಿ ಕಂದೀಲು ಇಳಿಬಿಡುವ ಅಗತ್ಯವಿಲ್ಲ ಎಂದು ನನಗೆ ಸಮಾಧಾನವಾಯಿತು.

ಗುಮಾಸ್ತನಾಗಿದ್ದ ವಾಸ್ತುಶಿಲ್ಪಿ

ಈ ಹಾಲಿನ ಕಲ್ಪನೆ ಯಾರದು? ಚಾರ್ಲ್ಸ್ ಹೋಲ್ಡನ್ ಎಂಬ ವಾಸ್ತುಶಿಲ್ಪಿಯದು. 1875ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಬೋಲ್ಟನ್ ಎಂಬಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ತಂದೆಯ ವ್ಯಾಪಾರ ದಿವಾಳಿಯಾಯಿತು. ಸ್ವಲ್ಪ ಕಾಲ ರೈಲ್ವೆಯಲ್ಲಿ ಗುಮಾಸ್ತರಾಗಿಯೂ ದುಡಿದರು. ಗುಮಾಸ್ತನೆಂದ ಕೂಡಲೇ ನನಗೆ ಅವರ ಮೇಲೆ ಅಭಿಮಾನ ಹುಟ್ಟಿದ್ದರಲ್ಲಿ ತಪ್ಪೇನಿಲ್ಲವಲ್ಲ!

ಹೋಲ್ಡನ್ ಅವರಿಗೆ ಕೆಲಸ ಒಪ್ಪಿಸಿದವರು ಫ್ರಾಂಕ್ ಪಿಕ್, ಲಂಡನ್ನಿನ ನೆಲದಡಿ ರೈಲಿನ ಆಡಳಿತ ನೋಡಿಕೊಳ್ಳುತ್ತಿದ್ದವರು. ದಿನವೂ ಕೆಲಸಕ್ಕೆ ಓಡಾಡುವ ಸಾಮಾನ್ಯ ಮನುಷ್ಯನ ಕಣ್ಣಿಗೆ ಬೀಳುವ ಪ್ರತಿಯೊಂದು ವಸ್ತುವೂ ಅಂದವಾಗಿರಬೇಕು, ಅರ್ಥವಾಗುವಂತಿರಬೇಕು ಎಂಬುದು ಪಿಕ್ ಅವರ ಹಟ. ಫಲಕಗಳಿಗಾಗಿ ಎಡ್ವರ್ಡ್ ಜಾನ್‌ಸ್ಟನ್ ಎಂಬ ಅಕ್ಷರ ಕಲಾವಿದರಿಂದ ಹೊಸ ಅಕ್ಷರಗಳನ್ನೇ ಬರೆಸಿದರು. ಅವು ಬಳಕೆಗೆ ಬಂದದ್ದು 1916ರಲ್ಲಿ. ಇಂದಿಗೂ ಅದೇ ಕುಲದ ಅಕ್ಷರಗಳು ನಡೆಯುತ್ತಿವೆ.

ಇಬ್ಬರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ‘ಸರ್’ ಎಂದು ಕರೆಸಿಕೊಳ್ಳುವ ರಾಜಮರ್ಯಾದೆ ಇಬ್ಬರ ಬಳಿಗೂ ಬಂದಿತ್ತು. ಇಬ್ಬರೂ ಬೇಡವೆಂದರು. ಕಟ್ಟಡವೆಂಬುದು ಹತ್ತಾರು ಜನ ಕೂಡಿ ಮಾಡುವ ಕೆಲಸ, ಒಬ್ಬನ ಹೆಸರಿಗೆ ಪಟ್ಟವೇಕೆ ಎಂಬುದು ಹೋಲ್ಡನ್ ಅವರ ವಿಚಾರವಾಗಿತ್ತು.

ಗ್ಯಾಂಟ್ಸ್ ಹಿಲ್ ನಿಲ್ದಾಣದ ಹಾಲಿನ ಹಿಂದೆ ಇನ್ನೊಂದು ದೇಶದ ಕತೆಯಿದೆ. ರಷ್ಯಾದವರು ಮಾಸ್ಕೋದಲ್ಲಿ ನೆಲದಡಿ ರೈಲು ಕಟ್ಟಲು ಹೊರಟಾಗ ಲಂಡನ್ನಿನವರ ಸಲಹೆ ಕೇಳಿದರು. ಸಲಹೆ ಕೊಟ್ಟದ್ದಕ್ಕಾಗಿ ಪಿಕ್ ಅವರಿಗೆ ರಷ್ಯಾದಿಂದ ಗೌರವ ಪದಕವೂ ಬಂತು. 1935ರಲ್ಲಿ ಮಾಸ್ಕೋ ಮೆಟ್ರೊ ಶುರುವಾದಾಗ ಜಗತ್ತು ಬೆರಗಾಯಿತು. ಪ್ಲಾಟ್‌ಫಾರ್ಮುಗಳ ನಡುವೆ ವಿಶಾಲವಾದ ಕಮಾನಿನ ಹಾಲ್‌ಗಳು, ಅಮೃತಶಿಲೆಯ ಕಂಬಗಳು, ಅರಮನೆಯಲ್ಲಿರುವಂಥ ದೀಪದ ಗೊಂಚಲುಗಳು! ಪಾಠ ಹೇಳಿದವರೇ ಈಗ ಪಾಠ ಕಲಿಯುವ ಸರದಿ ಬಂತು. ಲಂಡನ್ನಿನ ಪೂರ್ವಕ್ಕೆ ರೈಲುದಾರಿ ವಿಸ್ತರಿಸುವಾಗ ಹೋಲ್ಡನ್ ಅಂಥದ್ದೇ ಕಮಾನಿನ ಹಾಲನ್ನು ಇಲ್ಲಿ ರೂಪಿಸಿದರು. ಅಮೃತಶಿಲೆಯಿಲ್ಲ, ಗೊಂಚಲಿಲ್ಲ. ಟೈಲ್ಸ್, ಗಾರೆ, ಬೆಳಕು ಅಷ್ಟೇ. ಮದುವೆ ಮನೆಯ ಪಾಯಸವನ್ನು ದಿನದೂಟಕ್ಕೆ ಹೊಂದಿಸಿದ ಹಾಗೆ.

ಪ್ಲಾಟ್‌ಫಾರ್ಮಿನ ಗಡಿಯಾರವೂ ನೋಡತಕ್ಕದ್ದು. ಅದರ ಮುಖದ ಮೇಲೆ ಅಂಕಿಗಳೇ ಇಲ್ಲ. ಒಂದರಿಂದ ಹನ್ನೆರಡರವರೆಗಿನ ಜಾಗಗಳಲ್ಲಿ ಬಳೆ-ಪಟ್ಟಿಯ ಪುಟ್ಟ ಪುಟ್ಟ ಗುರುತುಗಳು. ಈ ಗಡಿಯಾರದ ಮೇಲಿನ ಮೋಹವೇ ಮುಂದೆ ನನ್ನನ್ನು ಪೇಚಿಗೆ ಸಿಲುಕಿಸಿತು. ಆ ಮಾತು ಆಮೇಲೆ.

ರೈಲಿಗಿಂತ ಮೊದಲು ಕಾರ್ಖಾನೆ

ಈ ರೈಲುದಾರಿಯ ಕೆಲಸ 1930ರ ದಶಕದಲ್ಲೇ ಶುರುವಾಗಿತ್ತು. ಸುರಂಗಗಳನ್ನು ಕೊರೆದಾಗಿತ್ತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಹಳಿ ಹಾಕುವ ಕೆಲಸ ನಿಂತಿತು.

ಇಲ್ಫರ್ಡಿನಲ್ಲಿ ಪ್ಲೆಸ್ಸಿ ಎಂಬ ಕಂಪನಿ ವಿಮಾನದ ಬಿಡಿಭಾಗಗಳನ್ನು ತಯಾರಿಸುತ್ತಿತ್ತು. ಅದರ ಕಾರ್ಖಾನೆಗೆ 1940ರಲ್ಲಿ ಬಾಂಬಿನ ಪೆಟ್ಟು ಬಿತ್ತು. ನೆಲದ ಮೇಲಿನ ಯಾವ ಕಟ್ಟಡವೂ ಸುರಕ್ಷಿತವಲ್ಲ ಎಂದಾಯಿತು. ಆಗ ನೆನಪಾದದ್ದು ಖಾಲಿ ಬಿದ್ದಿದ್ದ ಈ ಸುರಂಗಗಳು. ಲೇಟನ್‌ಸ್ಟೋನ್ ಎಂಬಲ್ಲಿಂದ ಗ್ಯಾಂಟ್ಸ್ ಹಿಲ್‌ವರೆಗೆ ಎರಡು ಸುರಂಗಗಳು ಅಕ್ಕಪಕ್ಕ ಇದ್ದವು. ಒಂದೊಂದೂ ಸುಮಾರು ಎರಡೂವರೆ ಮೈಲು. ಅವುಗಳಿಗೆ ಕಾಂಕ್ರೀಟಿನ ನೆಲ ಹಾಕಿ, ದೀಪ ಹಚ್ಚಿ, ಯಂತ್ರಗಳನ್ನು ಸಾಲಾಗಿ ಕೂರಿಸಿದರು. 1942ರ ಹೊತ್ತಿಗೆ ಕಾರ್ಖಾನೆ ಭರದಿಂದ ನಡೆಯುತ್ತಿತ್ತು. ಹನ್ನೆರಡು ಅಡಿ ಅಗಲ, ಐದು ಮೈಲು ಉದ್ದ. ಇಂಥ ಕಾರ್ಖಾನೆ ಬೇರೆಲ್ಲಿದ್ದೀತು? ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಮಾನು ಸಾಗಿಸಲು ಒಳಗೇ ಆಟಿಕೆಯಂಥ ಪುಟ್ಟ ರೈಲು ಓಡಾಡುತ್ತಿತ್ತು. ರೈಲಿಗಾಗಿ ತೋಡಿದ ಸುರಂಗದಲ್ಲಿ ಮೊದಲು ಓಡಿದ್ದು ಅದೇ.

ಸುಮಾರು ಎರಡು ಸಾವಿರ ಜನ ಅಲ್ಲಿ ದುಡಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಗಂಡಂದಿರು, ಅಣ್ಣತಮ್ಮಂದಿರು ಯುದ್ಧಕ್ಕೆ ಹೋಗಿದ್ದರು. ಮೇಲೆ ಸೈರನ್ ಕೂಗುತ್ತಿರುವಾಗ ಕೆಳಗೆ ಇವರು ಸರದಿಯ ಮೇಲೆ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಚಳಿಗಾಲದಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಹಗಲು ಪಾಳಿಯವರು ವಾರದಲ್ಲಿ ಎಷ್ಟು ಹೊತ್ತು ಸೂರ್ಯನನ್ನು ಕಾಣುತ್ತಿದ್ದರೋ. ನಾನು ಒಂದು ದಾಖಲೆ ಕೋಣೆಗೆ ಹೆದರಿದವನು ಎಂಬುದನ್ನು ನೆನೆದು ನಾಚಿಕೆಯಾಯಿತು.

ಯುದ್ಧ ಮುಗಿಯಿತು. ಯಂತ್ರಗಳನ್ನು ಎತ್ತಿ, ಕಾಂಕ್ರೀಟಿನ ನೆಲವನ್ನು ಒಡೆದು ತೆಗೆದು, ಹಳಿ ಹಾಕಿದರು. 1947ರ ಡಿಸೆಂಬರ್ 14ರಂದು ಗ್ಯಾಂಟ್ಸ್ ಹಿಲ್‌ಗೆ ರೈಲು ಬಂತು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಆಗ ನಾಲ್ಕು ತಿಂಗಳು. ಅದನ್ನು ನೋಡಲು ಪಿಕ್ ಬದುಕಿರಲಿಲ್ಲ. ಅವರು 1941ರಲ್ಲೇ ತೀರಿಕೊಂಡಿದ್ದರು.

ಒಂಬತ್ತನೆಯ ನಿಲ್ದಾಣ ‘ಬ್ಯಾಂಕ್’

ಗ್ಯಾಂಟ್ಸ್ ಹಿಲ್ ಇರುವುದು ಸೆಂಟ್ರಲ್ ಲೈನ್ ಎಂಬ ಮಾರ್ಗದಲ್ಲಿ. ನಕಾಶೆಯಲ್ಲಿ ಅದರದು ಕೆಂಪು ಬಣ್ಣ. ಈ ನಕಾಶೆಯನ್ನು ಮಕ್ಕಳೂ ಓದಬಲ್ಲರು. ಹ್ಯಾರಿ ಬೆಕ್ ಎಂಬ ನಕ್ಷೆಗಾರರು ದೂರ-ಹತ್ತಿರದ ಗೊಡವೆ ಬಿಟ್ಟು, ಬರೀ ನೇರ ಗೆರೆಗಳಲ್ಲಿ ಇದನ್ನು ಬರೆದರು. ಅದು ಅಚ್ಚಾದದ್ದು 1933ರಲ್ಲಿ. ನಿಲ್ದಾಣಗಳನ್ನು ಮಣಿಗಳ ಹಾಗೆ ಎಣಿಸುತ್ತ ಹೋದರೆ ಸಾಕು. ಗ್ಯಾಂಟ್ಸ್ ಹಿಲ್‌ನಿಂದ ಎಣಿಸಿದರೆ ಒಂಬತ್ತನೆಯ ನಿಲ್ದಾಣದ ಹೆಸರೇನು ಗೊತ್ತೇ? ‘ಬ್ಯಾಂಕ್’!

‘ನಿವೃತ್ತಿ ಆದಮ್ಯಾಲೂ ಬ್ಯಾಂಕಿಗೆ ಹೊಂಟ್ರಿ’ ಎಂದು ನನ್ನಾಕೆ ನಕ್ಕಳು. ಆಕೆ ಮಾತ್ರ ಬರಲಿಲ್ಲ. ಎಸ್ಕಲೇಟರ್ ಎಂದರೆ ಸೀರೆಯ ಸೆರಗು ಸಿಕ್ಕೀತು ಎಂಬ ಅಂಜಿಕೆ, ನೆಲದಡಿ ಎಂದರೆ ನನ್ನದೇ ಅಂಜಿಕೆ. ನಾನು, ಮೊಮ್ಮಗಳು ಇಬ್ಬರೇ ಒಂದು ಶನಿವಾರ ಹೊರಟೆವು.

ಬ್ಯಾಂಕ್ ನಿಲ್ದಾಣ ತೆರೆದದ್ದು 1900ರಲ್ಲಿ. ಅಲ್ಲಿ ಪ್ಲಾಟ್‌ಫಾರ್ಮ್ ಬಿಲ್ಲಿನಂತೆ ಬಾಗಿದೆ. ಆ ಕಾಲದಲ್ಲಿ ಸುರಂಗವನ್ನು ಮನೆಗಳ ಅಡಿಯಲ್ಲಿ ಒಯ್ಯುವುದನ್ನು ತಪ್ಪಿಸಿ, ಮೇಲಿನ ಬೀದಿಗಳ ಕೆಳಗೇ ಕೊರೆದರು. ಬೀದಿ ತಿರುಗಿದಂತೆ ಸುರಂಗವೂ ತಿರುಗಿತು. ಬಾಗಿದ ಪ್ಲಾಟ್‌ಫಾರ್ಮಿಗೆ ನೇರ ಡಬ್ಬಿಗಳು ಬಂದು ನಿಂತರೆ ನಡುವೆ ಸಂದು ಬೀಳುತ್ತದೆ. ‘ಸಂದು ನೋಡಿಕೊಂಡು ಇಳಿಯಿರಿ’ ಎಂದು ಧ್ವನಿವರ್ಧಕ ಕೂಗುತ್ತಲೇ ಇರುತ್ತದೆ. ಇದರ ಪಕ್ಕದಲ್ಲಿಟ್ಟು ನೋಡಿದರೆ ಗ್ಯಾಂಟ್ಸ್ ಹಿಲ್‌ನ ಸರಳತೆಯ ಬೆಲೆ ತಿಳಿಯುತ್ತದೆ.

ಬರುವಾಗ ಬೆತ್ನಲ್ ಗ್ರೀನ್ ನಿಲ್ದಾಣದಲ್ಲಿ ಇಳಿದೆವು. ಮೊಮ್ಮಗಳ ಶಾಲೆಯಲ್ಲಿ ಯುದ್ಧಕಾಲದ ಪಾಠ ನಡೆದಿತ್ತು, ಅಲ್ಲಿನ ಸ್ಮಾರಕ ನೋಡಬೇಕೆಂದಿದ್ದಳು. ಇದೂ ಇದೇ ಮಾರ್ಗಕ್ಕೆಂದು ಕಟ್ಟುತ್ತಿದ್ದ ನಿಲ್ದಾಣ. ಯುದ್ಧಕಾಲದಲ್ಲಿ ಇದನ್ನು ಜನ ಬಾಂಬಿನಿಂದ ತಪ್ಪಿಸಿಕೊಳ್ಳುವ ಆಸರೆಯಾಗಿ ಬಳಸುತ್ತಿದ್ದರು. 1943ರ ಮಾರ್ಚ್ 3ರ ರಾತ್ರಿ ಸೈರನ್ ಕೂಗಿತು. ಜನ ಮೆಟ್ಟಿಲು ಇಳಿಯುತ್ತಿದ್ದರು. ಹತ್ತಿರದ ಉದ್ಯಾನದಿಂದ ಹೊಸ ಬಗೆಯ ವಿಮಾನನಿರೋಧಕ ರಾಕೆಟ್ಟುಗಳು ಹಾರಿದವು. ಹಿಂದೆಂದೂ ಕೇಳದ ಸದ್ದಿಗೆ ಜನ ಬೆದರಿ ನುಗ್ಗಿದರು. ಮೆಟ್ಟಿಲಿಗೆ ಮಂಕಾದ ಒಂದೇ ದೀಪ, ನಡುವೆ ಹಿಡಿದುಕೊಳ್ಳಲು ಕಂಬಿಯಿಲ್ಲ. ಕೆಳಗಿದ್ದ ಒಬ್ಬ ಹೆಂಗಸು ಎಡವಿದಳು. ಅವಳ ಮೇಲೆ ಹಿಂದಿನವರು, ಅವರ ಮೇಲೆ ಇನ್ನೂ ಹಿಂದಿನವರು. ಆ ರಾತ್ರಿ ಅಲ್ಲಿ ಒಂದು ಬಾಂಬೂ ಬೀಳಲಿಲ್ಲ. ಸತ್ತವರು 173 ಜನ. ಅವರಲ್ಲಿ 62 ಮಕ್ಕಳು. ಪ್ರವೇಶದ್ವಾರವನ್ನು ಸರಿಪಡಿಸಬೇಕೆಂದು ಸ್ಥಳೀಯ ಆಡಳಿತ ಮೊದಲೇ ಕೇಳಿತ್ತು, ಒಪ್ಪಿಗೆ ಸಿಕ್ಕಿರಲಿಲ್ಲ.

ಸ್ಮಾರಕ ಬುಡಮೇಲಾದ ಮೆಟ್ಟಿಲುಗಳ ಆಕಾರದಲ್ಲಿದೆ. ಮೇಲೆ ಹೆಸರುಗಳನ್ನು ಕೆತ್ತಿದ್ದಾರೆ. ಮೊಮ್ಮಗಳು ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬಂದದ್ದನ್ನು ಬೆರಳಿಟ್ಟು ತೋರಿಸಿದಳು. ಆಮೇಲೆ ಇಬ್ಬರೂ ಮಾತಾಡಲಿಲ್ಲ. ನಿಲ್ದಾಣದ ಮೆಟ್ಟಿಲು ಇಳಿಯುವಾಗ ಈಗ ನಡುವೆ ಇರುವ ಕಂಬಿಯನ್ನು ಹಿಡಿದುಕೊಂಡೇ ಇಳಿದೆವು. ದೀಪ ಎಲ್ಲಿರಬೇಕು, ಕಂಬಿ ಎಲ್ಲಿರಬೇಕು ಎಂಬುದು ಅಲಂಕಾರದ ಮಾತಲ್ಲ ಎಂದು ಆ ದಿನ ನನಗೆ ತಿಳಿಯಿತು.

ಎಂಟು ನಿಮಿಷ

ಗ್ಯಾಂಟ್ಸ್ ಹಿಲ್ ಬಂತು. ನಾನು ಮುಂದೆ ಇಳಿದೆ. ಎದುರಿಗೇ ಆ ಅಂಕಿಯಿಲ್ಲದ ಗಡಿಯಾರ. ‘ಹತ್ತಾಗೈತೋ, ಹನ್ನೊಂದಾಗೈತೋ ಹೇಳು ನೋಡೋಣ’ ಎನ್ನುತ್ತ ಹಿಂದಿರುಗಿದರೆ ಮೊಮ್ಮಗಳಿಲ್ಲ. ಬಾಗಿಲು ಮುಚ್ಚಿತ್ತು. ಕಿಟಕಿಯಲ್ಲಿ ಅವಳ ಮುಖ ಒಂದು ಕ್ಷಣ ಕಂಡಿತು. ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದ್ದಳಂತೆ. ರೈಲು ಹೋಯಿತು.

ಆಗಿನ ನನ್ನ ಸ್ಥಿತಿಯನ್ನು ಏನೆಂದು ಹೇಳಲಿ? ಬಾಯಿ ಒಣಗಿತು. ಮುಂದಿನ ನಿಲ್ದಾಣಕ್ಕೆ ಹೋಗಲೇ? ನಾನು ಅತ್ತ ಹೋಗಿ ಅವಳು ಇತ್ತ ಬಂದರೆ? ಮೇಲೆ ಹೋಗಿ ಮಗಳಿಗೆ ಫೋನು ಮಾಡಲೇ? ಅಷ್ಟರಲ್ಲಿ ಅವಳು ಬಂದು ನನ್ನನ್ನು ಕಾಣದೆ ಅತ್ತರೆ? ತಪ್ಪೆಲ್ಲ ನನ್ನದೇ. ಕೈ ಬಿಡಬಾರದಿತ್ತು.

ನನ್ನ ಮುಖ ನೋಡಿ ಒಬ್ಬ ಯುವಕ ಹತ್ತಿರ ಬಂದ. ನನ್ನ ಹರಕು ಇಂಗ್ಲಿಷ್ ಕೇಳಿಸಿಕೊಂಡು ಗೋಡೆಯಲ್ಲಿದ್ದ ಸಹಾಯದ ಗುಂಡಿ ಒತ್ತಿದ. ಆ ಕಡೆಯಿಂದ ಹೆಂಗಸಿನ ದನಿ. ಹುಡುಗಿಯ ವಯಸ್ಸು, ಬಟ್ಟೆಯ ಬಣ್ಣ ಕೇಳಿ, ‘ಅಲ್ಲೇ ಇರಿ’ ಎಂದಿತು. ಎರಡು ನಿಮಿಷದಲ್ಲಿ ಮತ್ತೆ ದನಿ. ಹುಡುಗಿ ಮುಂದಿನ ನಿಲ್ದಾಣದಲ್ಲಿ ಇಳಿದು ತಾನಾಗಿಯೇ ಸಿಬ್ಬಂದಿಯ ಹತ್ತಿರ ಹೋಗಿದ್ದಾಳೆ, ನಮ್ಮವರೊಬ್ಬರು ಅವಳೊಂದಿಗೆ ಬರುತ್ತಿದ್ದಾರೆ, ಬರುವುದು ಎದುರು ಪ್ಲಾಟ್‌ಫಾರ್ಮಿಗೆ, ನೀವು ನಡುವಿನ ಹಾಲಿನಲ್ಲಿ ನಿಲ್ಲಿ, ಎಲ್ಲಿಗೂ ಹೋಗಬೇಡಿ.

ನಾನು ಹಾಲಿನ ನಡುವೆ ಬಂದು ನಿಂತೆ. ಎಡಕ್ಕೆ ಒಂದು ಪ್ಲಾಟ್‌ಫಾರ್ಮ್, ಬಲಕ್ಕೆ ಇನ್ನೊಂದು, ಮುಂದೆ ಎಸ್ಕಲೇಟರ್. ಯಾವ ರೈಲಿನಿಂದ ಇಳಿದವರೂ ಈ ಹಾಲಿಗೆ ಬಂದೇ ಮೇಲೆ ಹೋಗಬೇಕು. ಬೇರೆ ದಾರಿಯಿಲ್ಲ. ಉದ್ದಕ್ಕೂ ತಿರುವಿಲ್ಲ, ಮೂಲೆಯಿಲ್ಲ, ಕತ್ತಲೆಯಿಲ್ಲ. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುತ್ತದೆ. ಅವಳು ಎಲ್ಲಿಂದ ಬಂದರೂ ನನಗೆ ಕಾಣುತ್ತಾಳೆ, ನಾನು ಅವಳಿಗೆ ಕಾಣುತ್ತೇನೆ. ಎದೆಯ ಬಡಿತ ನಿಧಾನವಾಯಿತು. ಯಾವತ್ತೂ ಕಾಣದ ಹೋಲ್ಡನ್ ಎಂಬ ಮನುಷ್ಯ ಎಷ್ಟೋ ವರ್ಷಗಳ ಹಿಂದೆ ಕುಳಿತು, ಹೆದರಿದವನೊಬ್ಬ ಇಲ್ಲಿ ನಿಂತರೆ ಅವನಿಗೆ ಏನು ಕಾಣಬೇಕು ಎಂದು ಯೋಚಿಸಿದ್ದರೇನೋ ಅನಿಸಿತು.

ಎದುರು ಬದಿಯ ಕಂಬಗಳ ನಡುವಿನಿಂದ ಗಾಳಿ ಬೀಸಿತು. ರೈಲಿಗಿಂತ ಮುಂಚೆ ಬರುವ ಗಾಳಿ. ಆಮೇಲೆ ಸದ್ದು. ಆಮೇಲೆ ಜನ. ಆಮೇಲೆ ಸಮವಸ್ತ್ರ ತೊಟ್ಟ ಹೆಣ್ಣುಮಗಳೊಬ್ಬಳ ಪಕ್ಕದಲ್ಲಿ ನನ್ನ ಮೊಮ್ಮಗಳು.

‘ಅಜ್ಜಾ, ನೀ ಅಳಾಕತ್ತೀ ಏನು?’ ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ‘ಬ್ಯಾರೆ ಆದ್ರ ಮುಂದಿನ ಸ್ಟೇಷನ್ನಿನಾಗ ಇಳಿದು ನಿಂದ್ರಬೇಕು ಅಂತ ಅವ್ವ ಹೇಳ್ಯಾಳ. ನಿನಗ ಹೇಳಿಲ್ಲೇನು?’

ಗಡಿಯಾರ ನೋಡಿದೆ. ಒಟ್ಟು ಎಂಟು ನಿಮಿಷ ಆಗಿತ್ತು.

ನನ್ನಾಕೆ ಇಟ್ಟ ಹೆಸರು

ರಾತ್ರಿ ಮನೆಯಲ್ಲಿ ಎಲ್ಲ ಹೇಳಿದೆ. ಮಗಳು ಬೈಯಲಿಲ್ಲ, ತನ್ನ ಮಗಳ ತಲೆ ಸವರಿದಳು. ನನ್ನಾಕೆ ಮಾತ್ರ ಬಹಳ ಹೊತ್ತು ಸುಮ್ಮನಿದ್ದಳು. ಮರುದಿನ ಬೆಳಿಗ್ಗೆ, ‘ನಮ್ಮ ಕೂಸು ಒಬ್ಬಾಕಿ ಬಂದ ಜಾಗಾ ನಾನೂ ನೋಡಬೇಕ್ರಿ’ ಎಂದು ಎದ್ದಳು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಎಸ್ಕಲೇಟರಿನ ಪಟ್ಟಿಯನ್ನು ಒಂದು ಕೈಯಲ್ಲಿ, ಮೊಮ್ಮಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಇಳಿದಳು. ಹಾಲಿನಲ್ಲಿ ನಿಂತು ಕಮಾನು ನೋಡಿದಳು, ಎಡಬಲದ ದಾರಿಗಳನ್ನು ನೋಡಿದಳು.

‘ಇದು ನಮ್ಮ ಮನಿ ಪಡಸಾಲಿ ಇದ್ದಂಗ ಐತಲ್ರಿ’ ಎಂದಳು.

ನಾನು ಓದಿ ತಿಳಿದದ್ದನ್ನೆಲ್ಲ ಆಕೆ ಒಂದೇ ಮಾತಿನಲ್ಲಿ ಹೇಳಿದ್ದಳು. ನಮ್ಮ ಹಳೆಯ ಮನೆಗಳಲ್ಲಿ ನಡುವೆ ಪಡಸಾಲೆ, ಎರಡೂ ಬದಿಗೆ ಕೋಣೆಗಳು. ಅಡುಗೆ ಮನೆಗೆ ಹೋಗುವವರು, ದನದ ಕೊಟ್ಟಿಗೆಗೆ ಹೋಗುವವರು, ಹೊರಗಿನಿಂದ ಬಂದವರು ಎಲ್ಲರೂ ಪಡಸಾಲೆ ದಾಟಬೇಕು. ಅಲ್ಲಿ ಕುಳಿತ ಹಿರಿಯರಿಗೆ ಯಾರು ಒಳಗಿದ್ದಾರೆ, ಯಾರು ಇನ್ನೂ ಬಂದಿಲ್ಲ ಎಂದು ಗೊತ್ತಿರುತ್ತದೆ.

ಊರಿಗೆ ಬಂದು ಈಗ ಐದು ತಿಂಗಳು. ಮೊನ್ನೆ ಬೆಂಗಳೂರಿಗೆ ಹೋಗಿದ್ದಾಗ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿದೆ. ಅಲ್ಲಿ ಪ್ಲಾಟ್‌ಫಾರ್ಮೇ ನಡುವೆ ಇದ್ದು, ಹಳಿಗಳು ಎರಡೂ ಬದಿಗಿವೆ. ಎಸ್ಕಲೇಟರಿನಲ್ಲಿ ಇಳಿಯುವಾಗ ಕಾಲು ನಿಲ್ಲಲಿಲ್ಲ. ಎಲ್ಲಿ ಕಂಬಿಯಿದೆ, ಎಲ್ಲಿ ದೀಪವಿದೆ, ಯಾರಾದರೂ ತಪ್ಪಿಸಿಕೊಂಡರೆ ಎಲ್ಲಿ ನಿಂತರೆ ಕಾಣುತ್ತಾರೆ ಎಂದು ನೋಡಿಕೊಂಡೆ. ನನ್ನ ಮುಂದೆ ಒಬ್ಬ ತಾಯಿ ಇಬ್ಬರು ಮಕ್ಕಳೊಂದಿಗೆ ನಿಂತಿದ್ದಳು. ತಡೆಯಲಾಗದೆ ಕೇಳಿಯೇಬಿಟ್ಟೆ: ‘ತಂಗೀ, ಮಕ್ಕಳು ರೈಲಿನಲ್ಲೇ ಉಳಿದರೆ ಏನು ಮಾಡಬೇಕಂತ ಹೇಳಿಕೊಟ್ಟಿದ್ದೀಯಾ?’

ಅವಳು ಗಾಬರಿಯಿಂದ ನನ್ನನ್ನು ನೋಡಿದಳು. ಆಮೇಲೆ ಮಕ್ಕಳ ಕಡೆ ಬಗ್ಗಿ ಹೇಳತೊಡಗಿದಳು. ನೀವೂ ಮನೆಯಲ್ಲಿ ಈ ಒಂದು ಮಾತು ಆಡಿಟ್ಟುಕೊಳ್ಳಿ. ಮಕ್ಕಳಿಗೆ ಹೇಳಿದರೆ ಸಾಲದು, ಅಜ್ಜಂದಿರಿಗೂ ಹೇಳಿ.